ಮದುವೆಯ ವಿಡಿಯೊ: ಡಿಸ್ಕೋ, ಪೆನ್‌ಡ್ರೈವೋ?

ಮದುವೆ, ಗೃಹಪ್ರವೇಶ, ಹಂಪಿಯ ಪ್ರವಾಸ ಮುಂತಾದ ಕೌಟುಂಬಿಕ ವಿಡಿಯೊಗಳನ್ನು ಬಂಧುಬಳಗಕ್ಕೆ ಹಂಚಲು ಡಿವಿಡಿ ಲೇಸೋ, ಪೆನ್‌ಡ್ರೈವ್ ಲೇಸೋ ಎಂಬುದನ್ನು ಹೊಸಪೇಟೆ, ಕಂಪ್ಲಿ, ಸಂಡೂರಿನ ಸ್ಟುಡಿಯೊ ನಡೆಸುವ ಮಿತ್ರರು ದರದ ಪ್ರಶ್ನೆಯೆಂದೇ ಭಾವಿಸುವುದುಂಟು. ಇದು ದರಕ್ಕಿಂತ ಮಿಗಿಲಾಗಿ ಹೊಣೆಗಾರಿಕೆಯ ಪ್ರಶ್ನೆಯೆಂಬುದು ನನ್ನ ಅಭಿಮತ.

ಹಂಚಿಕೆಯ ಮಟ್ಟಿಗೆ ಪೆನ್‌ಡ್ರೈವೇ ಗೆದ್ದಿದೆ. ಒಂದು ಪದರದ ಡಿವಿಡಿ ಹಿಡಿಯುವುದು 4.7 ಜಿಬಿ. ಸೆಕೆಂಡಿಗೆ 24 ಮೆಗಾಬಿಟ್ ವೇಗದಲ್ಲಿ ಚಿತ್ರೀಕರಿಸಿದ ಫುಲ್ ಎಚ್‌ಡಿ ವಿಡಿಯೊ ಗಂಟೆಗೆ 10.8 ಜಿಬಿ ಬೇಡುತ್ತದೆ. ಮೂರು ಗಂಟೆಯ ಮದುವೆಗೆ ಏಳು ಡಿಸ್ಕ್ ಬೇಕು, ಇಲ್ಲವೇ ಸ್ಪಷ್ಟತೆಯನ್ನು ಬಿಟ್ಟುಕೊಡಬೇಕು; 64 ಜಿಬಿಯ ಒಂದೇ ಪೆನ್‌ಡ್ರೈವ್ ಸಾಕು. ಮೇಲಾಗಿ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಓದುವ ಸಾಧನವೇ ಅಪರೂಪ. ಸೋನಿ ಸಂಸ್ಥೆಯು ಖಾಲಿ ಬ್ಲೂ-ರೇ ಡಿಸ್ಕ್‌ಗಳ ಉತ್ಪಾದನೆಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಒಂದು ಎಚ್ಚರಿಕೆ: ಫ್ಯಾಟ್-32 ವಿಧಾನದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ಸ್ವೀಕರಿಸದು. ಹಳೆಯ ಟಿವಿಗಳಲ್ಲಿ ಕೆಲವು ಬೇರೆ ವಿಧಾನವನ್ನು ಓದವು. ಆದಕಾರಣ ವಿಡಿಯೊವನ್ನು ಭಾಗಗಳಾಗಿ ಕೊಡುವುದು ಕ್ಷೇಮ.

ಕಾಪಿಡುವ ಮಾತು ಬೇರೆ. ಪೆನ್‌ಡ್ರೈವಿನಲ್ಲಿದ್ದುದನ್ನು ಅಳಿಸಿ ಬೇರೊಂದನ್ನು ತುಂಬಬಹುದು. ಮನೆಯ ಹುಡುಗರು ಸಿನಿಮಾ ಹಾಕಿಕೊಳ್ಳಲು ಕೈಗೆ ಸಿಕ್ಕುವುದೂ ಅದೇ! ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅದರೊಳಗಿನ ವಿದ್ಯುದಂಶವು ಕ್ರಮೇಣ ಸೋರಿಹೋಗುವ ಸಂಭವವುಂಟು. ಒಮ್ಮೆ ಬರೆದ ಡಿವಿಡಿ-ಆರ್ ಡಿಸ್ಕಿನ ಮೇಲೆ ಮತ್ತೇನನ್ನೂ ಬರೆಯಲಾಗದು. ಆದರೆ ನಮ್ಮ ಸೀಮೆಯ ಬಿಸಿಲಿಗೆ ಅದರ ಬಣ್ಣದ ಪದರ ಕೆಡುತ್ತದೆ, ಧೂಳಿನಿಂದ ಗೀರು ಬೀಳುತ್ತದೆ. ಯಾವುದೊಂದನ್ನೇ ನಂಬುವುದು ಸಲ್ಲದು. ಹಂಚಲು ಪೆನ್‌ಡ್ರೈವ್, ಮನೆಯಲ್ಲಿಡಲು ಹಾರ್ಡ್ ಡಿಸ್ಕ್‌ನಲ್ಲೊಂದು ಪ್ರತಿ, ಬೇರೆ ಊರಿನ ಬಂಧುಗಳಲ್ಲಿ ಇನ್ನೊಂದು ಪ್ರತಿ ಎಂದು ಗ್ರಾಹಕರಿಗೆ ತಿಳಿಸಬೇಕು.

ಲೆಕ್ಕಪುಸ್ತಕಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕಡೆಯ ದಿನಾಂಕದಿಂದ 72 ತಿಂಗಳು ಕಾದಿಡಬೇಕೆಂದು 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೇ ಕಲಂ ವಿಧಿಸುತ್ತದೆ. ಗ್ರಾಹಕನ ಮದುವೆಯ ಮೂಲ ಪ್ರತಿಯನ್ನು ಸ್ಟುಡಿಯೊ ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬುದು ಆ ಕಲಮಿನ ವಿಷಯವಲ್ಲ; ಉಭಯರ ಒಪ್ಪಂದದಲ್ಲೇ ಅದು ತೀರ್ಮಾನವಾಗಬೇಕು. ಪೆನ್‌ಡ್ರೈವ್ ಕೊಟ್ಟ ಮರುವಾರ ಮೂಲವನ್ನು ಅಳಿಸುವುದು, ಮೂರು ವರ್ಷಗಳ ನಂತರ ಗ್ರಾಹಕನು ಬಂದು ಜಗಳವಾಡುವುದು ಯಾರಿಗೂ ಹಿತವಲ್ಲ. ಮುಂಗಡ ಪಡೆಯುವ ರಸೀದಿಯಲ್ಲಿಯೇ ಮೂಲ ಪ್ರತಿ ಎಷ್ಟು ತಿಂಗಳು ಇರುತ್ತದೆ, ಆನಂತರ ಬೇಕಾದರೆ ವಾರ್ಷಿಕ ಶುಲ್ಕವೆಷ್ಟು, ಹೆಚ್ಚುವರಿ ಪ್ರತಿಯೊಂದಕ್ಕೆ ದರವೆಷ್ಟು ಎಂಬ ಮೂರು ಸಾಲುಗಳನ್ನು ಕನ್ನಡದಲ್ಲಿ ಮುದ್ರಿಸಿ ಸಹಿ ಪಡೆಯಬೇಕು. ಈ ಶುಲ್ಕವನ್ನು ವಿಧಿಸಲು ಸಂಕೋಚಪಡಬೇಕಾಗಿಲ್ಲ. ಹಾರ್ಡ್ ಡಿಸ್ಕಿಗೂ ಅದನ್ನು ಕಾಯುವವನ ಶ್ರಮಕ್ಕೂ ಬೆಲೆಯಿದೆ.