ಆ ದಿನ ತಾವು ಎಲ್ಲಿದ್ದಿರಿ?

ನಮ್ಮ ಗೊಟ್ಟಿಗೆರೆಯಲ್ಲಿ ಮೇ ತಿಂಗಳು ಬಂದಿತೆಂದರೆ ಒಂದು ಪ್ರಶ್ನೆಯೂ ತಪ್ಪದೆ ಬರುತ್ತದೆ. ಹೋಟೆಲಿನ ಮುಂದೆ ಕಾಫಿ ಕುಡಿಯುತ್ತ ನಿಂತ ಹಿರಿಯರು, ನಿವೃತ್ತರಾದ ಉಪಾಧ್ಯಾಯರು, ನ್ಯಾಯಾಲಯದಲ್ಲಿ ನಮ್ಮ ವಕೀಲ ಮಿತ್ರರು ಒಬ್ಬರನ್ನೊಬ್ಬರು ಕೇಳುವರು: “ರಾಜೀವ ಗಾಂಧಿಯವರು ಹತರಾದ ದಿನ ತಾವು ಎಲ್ಲಿದ್ದಿರಿ?” ಒಬ್ಬರು ರಾತ್ರಿಯ ಬಸ್ಸಿನಲ್ಲಿದ್ದರು. ಇನ್ನೊಬ್ಬರು ಮದುವೆಯ ಮನೆಯಲ್ಲಿದ್ದರು. 1991ರ ಮೇ 21ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಶ್ರೀಪೆರಂಬುದೂರಿನ ಚುನಾವಣಾ ಸಭೆಯಲ್ಲಿ ಬಾಂಬು ಸಿಡಿದುದು. ಬೆಳಗಾಗುವಷ್ಟರಲ್ಲಿ ದೇಶವೆಲ್ಲ ಸ್ತಬ್ಧವಾದುದು. ಇವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುವರು. ನಮಗೂ ನೆನಪಿದೆ. ನಮಗಾಗ ಹತ್ತು ವರ್ಷ, ಬೇಸಿಗೆಯ ರಜ. ಬೆಳಿಗ್ಗೆ ರೇಡಿಯೋ ಮುಂದೆ ತಂದೆಯವರು ಹಲ್ಲುಜ್ಜುವುದನ್ನೂ ಮರೆತು ಕುಳಿತಿದ್ದರು.

ಆಗಸ್ಟ್ ತಿಂಗಳು ಬಂದಿತೆಂದರೆ ಮಾತು ಇನ್ನೂ ಬಿಸಿಯೇರುತ್ತದೆ. ಏಕೆಂದರೆ ಆ ರಾಷ್ಟ್ರೀಯ ದುರಂತದ ಕೊನೆಯ ಅಂಕವು ನಡೆದುದು ಇಲ್ಲಿಗೆ ಕೆಲವೇ ಮೈಲಿ ದೂರದ ಕೋಣನಕುಂಟೆಯಲ್ಲಿ. ಸಂಚಿನ ಮುಖ್ಯ ಆರೋಪಿಯಾದ ಶಿವರಾಸನ್ ಮತ್ತು ಅವನ ಸಂಗಡಿಗರು ಅಲ್ಲಿಯ ಒಂದು ಮನೆಯಲ್ಲಿ ಅಡಗಿದ್ದರು. ಪೊಲೀಸರೂ ಕಮಾಂಡೋಗಳೂ ಆ ಮನೆಯನ್ನು ಒಂದು ದಿನಕ್ಕೂ ಮೀರಿ ಸುತ್ತುವರಿದಿದ್ದು, ಆಗಸ್ಟ್ 20ರ ಬೆಳಿಗ್ಗೆ ಒಳನುಗ್ಗಿದಾಗ ದೊರೆತದ್ದು ಏಳು ಹೆಣಗಳು. ಅದು ರಾಜೀವರ ಜನ್ಮದಿನವೂ ಆಗಿತ್ತು. ಅಂದು ಕೋಣನಕುಂಟೆಯಲ್ಲಿ ನಿಂತು ಎಲ್ಲವನ್ನೂ ಕಂಡೆವೆಂದು ಹೇಳಿಕೊಳ್ಳುವವರೆಲ್ಲ ನಿಜವಾಗಿಯೂ ಅಲ್ಲಿದ್ದಿದ್ದರೆ, ಆಗಿನ ಆ ಸಣ್ಣ ಊರಿನಲ್ಲಿ ಕಾಲಿಡಲು ಸ್ಥಳವಿರುತ್ತಿರಲಿಲ್ಲ! ಇರಲಿ. ದುಃಖದಲ್ಲಿ ಪಾಲು ಬೇಡುವುದು ಮನುಷ್ಯಸ್ವಭಾವ. ಅದಕ್ಕಾಗಿ ನಾವು ಯಾರನ್ನೂ ಜರೆಯುವುದಿಲ್ಲ.

ನಾವು ಕೇಳುವುದು ಬೇರೊಂದು ಪ್ರಶ್ನೆಯನ್ನು. ಅದೇ ವರ್ಷದ ಡಿಸೆಂಬರ್ 12ರಂದು ತಾವು ಎಲ್ಲಿದ್ದಿರಿ? ಮರುದಿನ 13ರಂದು ಎಲ್ಲಿದ್ದಿರಿ?

ವಾಚಕರೇ, ಈ ಪ್ರಶ್ನೆಯನ್ನು ನಾವು ಅನೇಕರಿಗೆ ಹಾಕಿ ನೋಡಿದ್ದೇವೆ. ಮೇ ತಿಂಗಳ ರಾತ್ರಿಯಲ್ಲಿ ತಾವು ಉಂಡ ಅಡಿಗೆಯನ್ನು ಸಹ ನೆನೆಯುವ ಮಹನೀಯರು ಡಿಸೆಂಬರಿನ ಮಾತೆತ್ತಿದೊಡನೆ ಕಾಫಿಯ ಲೋಟವನ್ನು ಕೆಳಗಿಟ್ಟು ಗಡಿಯಾರವನ್ನು ನೋಡುತ್ತಾರೆ. ನೆನಪಿಲ್ಲವೆಂದಲ್ಲ; ನೆನಪಿದೆ, ಆದುದರಿಂದಲೇ ಈ ಮೌನ.

ಆದ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವೆವು. ಕಾವೇರಿ ನ್ಯಾಯಮಂಡಲಿಯು 1991ರ ಜೂನ್ 25ರಂದು ಮಧ್ಯಂತರ ಆಜ್ಞೆಯನ್ನಿತ್ತು, ವರ್ಷಕ್ಕೆ 205 ಟಿ.ಎಂ.ಸಿ. ಅಡಿ ನೀರನ್ನು ತಮಿಳುನಾಡಿಗೆ ಬಿಡತಕ್ಕದ್ದೆಂದಿತು. ನಮ್ಮ ಸರ್ಕಾರ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ನವೆಂಬರ್ 22ರಂದು ಅಭಿಪ್ರಾಯವಿತ್ತಿತು. ಡಿಸೆಂಬರಿನಲ್ಲಿ ಆಜ್ಞೆಯು ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಯಿತು. ನಾಡಿನ ರೈತನ ಹೊಟ್ಟೆ ಉರಿದುದು ನ್ಯಾಯವೇ. ಆದರೆ ಬೆಂಗಳೂರಿನಲ್ಲಿ ಉರಿದದ್ದು ಯಾರ ಮನೆ? ಆಜ್ಞೆಯನ್ನು ಬರೆದವರದಲ್ಲ, ಹೊರಡಿಸಿದವರದಲ್ಲ. ತಮಿಳು ಮಾತನಾಡುವ ಕೂಲಿಯವರ ಗುಡಿಸಲು, ಸಣ್ಣ ಅಂಗಡಿ, ತಳ್ಳುಗಾಡಿ! ಪ್ರಾಣಗಳು ಹೋದವು, ಸಾವಿರಾರು ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು.

ನಮ್ಮ ಬೀದಿಯ ಸಂಗತಿಯನ್ನೂ ಹೇಳಲೇಬೇಕು; ಪರರಿಗೆ ಪ್ರಶ್ನೆ ಹಾಕುವವನು ಮೊದಲು ತಾನು ಸಾಕ್ಷಿಕಟ್ಟೆಯನ್ನು ಹತ್ತತಕ್ಕದ್ದು. ಕೆರೆಯ ಕಡೆಯ ಒಂದು ವಠಾರದಲ್ಲಿ ಗಾರೆ ಕೆಲಸದ ಒಬ್ಬಾತನ ಸಂಸಾರವಿತ್ತು. ಆತನು ಮನೆಯಲ್ಲಿ ತಮಿಳನ್ನೂ ನಮ್ಮೊಡನೆ ಕನ್ನಡವನ್ನೂ ಆಡುತ್ತಿದ್ದನು. ನಮ್ಮ ಮನೆಯ ಜಗಲಿಯನ್ನು ಕಟ್ಟಿದವನು ಆತನೇ. ಕೋಣನಕುಂಟೆಯ ಘಟನೆಯಾದ ಮೇಲೆ ಬೀದಿಯವರು ಆತನನ್ನು ಓರೆಗಣ್ಣಿನಿಂದ ನೋಡತೊಡಗಿದರು. ಅವನ ಮನೆಗೆ ಬಂದ ನೆಂಟನಾರೆಂದು ವಿಚಾರಿಸಿದರು. ಹುಡುಗರಾದ ನಾವು ಅವನ ಮಗನನ್ನು “ಒಕ್ಕಣ್ಣ” ಎಂದು ಕೂಗಿ ನಕ್ಕೆವು. ಡಿಸೆಂಬರಿನ ಆ ರಾತ್ರಿ ಆತನು ನಮ್ಮ ಬಾಗಿಲನ್ನು ತಟ್ಟಿದನು. “ಅಯ್ಯಾ, ಹೆಂಗಸರನ್ನೂ ಮಕ್ಕಳನ್ನೂ ಎರಡು ದಿನ ಒಳಗಿರಿಸಿಕೊಳ್ಳಿ, ನಾನು ಹೇಗೋ ಇರುತ್ತೇನೆ.” ತಂದೆಯವರು ಒಳ್ಳೆಯವರು; ಯಾರಿಗೂ ಕೇಡು ಬಯಸಿದವರಲ್ಲ. ಆದರೂ ಅಂದು ಅವರು ದೀಪವನ್ನು ಆರಿಸಿದರು. ಬಾಗಿಲು ತೆರೆಯಲಿಲ್ಲ. ಬೆಳಿಗ್ಗೆ ವಠಾರ ಬರಿದಾಗಿತ್ತು. ಅವರು ಮತ್ತೆ ಬರಲಿಲ್ಲ. ಜಗಲಿ ಬಹುಕಾಲ ಇತ್ತು. ಅದರ ಮೇಲೆ ಕುಳಿತೇ ನಾವು ಪರೀಕ್ಷೆಗಳಿಗೆ ಓದಿದೆವು.

ಮೇ ತಿಂಗಳ ಹತ್ಯೆಯೇ ಡಿಸೆಂಬರಿನ ಬೆಂಕಿಗೆ ಕಾರಣವೆಂದು ನಾವು ವಾದಿಸುವುದಿಲ್ಲ, ಕಾರಣ ಕಾವೇರಿ. ಆದರೆ ನಮ್ಮ ಬೀದಿಯ ಮಟ್ಟಿಗೆ, ಆಗಸ್ಟಿನಲ್ಲಿ ಬಿತ್ತಿದ ಸಂಶಯವೇ ಡಿಸೆಂಬರಿನಲ್ಲಿ ಚಿಲಕವಾಗಿ ಬಿದ್ದಿತೆಂಬುದನ್ನು ನಾವು ಬಲ್ಲೆವು. ನ್ಯಾಯಾಲಯದ ನಡೆಯನ್ನು ನೋಡಿರಿ. ಆ ಹತ್ಯೆಯ ಮೊಕದ್ದಮೆಯಲ್ಲಿ 26 ಮಂದಿಗೂ ವಿಶೇಷ ನ್ಯಾಯಾಲಯವು 1998ರ ಜನವರಿಯಲ್ಲಿ ಮರಣದಂಡನೆ ವಿಧಿಸಿತು. 1999ರ ಮೇ 11ರಂದು ಸುಪ್ರೀಂ ಕೋರ್ಟು ಅವರನ್ನು ಒಬ್ಬೊಬ್ಬರನ್ನಾಗಿ ತೂಗಿ, ನಾಲ್ವರಿಗೆ ಮರಣವನ್ನೂ ಮೂವರಿಗೆ ಜೀವಾವಧಿಯನ್ನೂ ಉಳಿಸಿ, 19 ಮಂದಿಯನ್ನು ಬಿಡುಗಡೆ ಮಾಡಿತು. ಮಾಜಿ ಪ್ರಧಾನಿಯ ಕೊಲೆಯ ಆರೋಪ ಹೊತ್ತವರನ್ನು ಸಹ ಕಾನೂನು ಬೇರೆಬೇರೆಯಾಗಿ ನೋಡಿತು. ನಮ್ಮ ಬೀದಿಯೋ, ಜಗಲಿ ಕಟ್ಟಿದವನನ್ನೂ ಬಾಂಬು ಕಟ್ಟಿದವನನ್ನೂ ಒಂದೇ ತಕ್ಕಡಿಯಲ್ಲಿಟ್ಟಿತು!

ಕೆಲವರು ಕೇಳಬಹುದು: “ಆಚೆ ಕನ್ನಡಿಗರ ಮೇಲೆ ಕೈ ಎತ್ತಲಿಲ್ಲವೇ?” ಎತ್ತಿದರು, ಅದು ಹೀನಕಾರ್ಯ. ಆದರೆ ಅಲ್ಲಿಯ ಹೀನಕಾರ್ಯವನ್ನು ಇಲ್ಲಿ ನಕಲು ಮಾಡುವುದು ಯಾವ ಶೌರ್ಯ? ಏಕೀಕರಣಕ್ಕಾಗಿ ದುಡಿದ ಹಿರಿಯರು ನಮಗೆ ಕಲಿಸಿದ್ದು ತಾಯ್ನುಡಿಯ ಪ್ರೇಮವನ್ನು, ಪರನುಡಿಯ ದ್ವೇಷವನ್ನಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮಗೆ ಸಲ್ಲಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದರೂ ಅದು ಬರಲಿಲ್ಲ. ಅಲ್ಲಿಯ ಕನ್ನಡಿಗನಿಗೆ ಶಾಲೆ ಬೇಕು, ಕಚೇರಿಯಲ್ಲಿ ಮರ್ಯಾದೆ ಬೇಕು, ಭಯವಿಲ್ಲದ ನಿದ್ರೆ ಬೇಕೆಂದು ನಾವು ಗಂಟಲು ಹರಿಯುವಂತೆ ಕೇಳುತ್ತೇವೆ. ಸರಿಯಾಗಿಯೇ ಕೇಳುತ್ತೇವೆ. ಹಾಗಾದರೆ ಗೊಟ್ಟಿಗೆರೆಯ ತಮಿಳನಿಗೆ ಅದೇ ನಿದ್ರೆ ಬೇಡವೇ? ಕಾಸರಗೋಡಿಗೊಂದು ನ್ಯಾಯ, ನಮ್ಮ ಕೆರೆಯ ವಠಾರಕ್ಕೊಂದು ನ್ಯಾಯವೆಂದರೆ ಯಾವ ನ್ಯಾಯಾಧೀಶನು ನಮ್ಮ ಅರ್ಜಿಯನ್ನು ಓದುವನು?

“ಬೆಂಕಿ ಹಚ್ಚದಿದ್ದರೆ ನೀರು ದಕ್ಕುತ್ತಿರಲಿಲ್ಲ” ಎನ್ನುವವರೂ ಇದ್ದಾರೆ. ಬೆಂಕಿಯಿಂದ ಒಂದು ಕೊಡ ನೀರಾದರೂ ದಕ್ಕಿತೆ? ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರಂದು ನಮ್ಮ ಪಾಲಿಗೆ 14.75 ಟಿ.ಎಂ.ಸಿ. ಅಡಿ ನೀರನ್ನು ಹೆಚ್ಚಿಸಿತು, ಅದರಲ್ಲಿ 4.75 ಬೆಂಗಳೂರಿನ ಅಗತ್ಯಕ್ಕೆಂದೇ. ಅದು ಲೆಕ್ಕ, ದಾಖಲೆ, ವಾದಗಳ ಫಲ. ಸುಟ್ಟ ಗುಡಿಸಲಿನ ಬೂದಿಯನ್ನು ಯಾರೂ ಅಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲಿಲ್ಲ.

“ಹಳೆಯ ಗಾಯವನ್ನು ಕೆರೆಯುವುದೇಕೆ?” ಎಂಬುದು ಕಡೆಯ ಆಕ್ಷೇಪಣೆ. ಏಕೆಂದರೆ ನೋಡದೆ ಮುಚ್ಚಿದ ಗಾಯ ಒಳಗೇ ಕೊಳೆಯುತ್ತದೆ. 2016ರ ಸೆಪ್ಟೆಂಬರ್ 12ರಂದು ಇದೇ ನಗರದಲ್ಲಿ ಇದೇ ನೀರಿನ ಹೆಸರಿನಲ್ಲಿ ಬಸ್ಸುಗಳು ಸಾಲಾಗಿ ಉರಿದವು, ಕರ್ಫ್ಯೂ ಬಂದಿತು. ಅಂದು ಬೀದಿಗಿಳಿದ ತರುಣರಿಗೆ 1991ರ ಡಿಸೆಂಬರನ್ನು ಯಾರಾದರೂ ಹೇಳಿದ್ದರೆ? ನಾವು ಹೇಳಲಿಲ್ಲ. ನಾವು ಕೋಣನಕುಂಟೆಯ ಕಥೆಯನ್ನು ಹೇಳುತ್ತಿದ್ದೆವು.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಈ ವರ್ಷ ಡಿಸೆಂಬರ್ 12ರಂದು ಮಕ್ಕಳಿಗೆ ಒಂದು ಕೆಲಸ ಕೊಡಿರಿ: ಮನೆಯ ಹಿರಿಯರನ್ನು, ನೆರೆಯ ತಮಿಳು ಅಜ್ಜಿಯನ್ನೂ ಕೇಳಿ, ಆ ದಿನ ಅವರೆಲ್ಲಿದ್ದರೆಂಬುದನ್ನು ಬರೆದು ತರಲಿ. ಬಾಗಿಲು ತೆರೆದು ನೆರೆಯವರನ್ನು ಕಾಪಾಡಿದ ಕನ್ನಡಿಗರೂ ಅಂದು ಇದ್ದರು; ಅವರ ಮಾತೂ ದಾಖಲಾಗಲಿ, ಅದು ನಾಡಿನ ನಿಜವಾದ ಆಸ್ತಿ. ಆಗ ಮೂವತ್ತರಲ್ಲಿದ್ದವರು ಈಗ ಅರವತ್ತು ದಾಟಿದ್ದಾರೆ. ಸಾಕ್ಷಿಗಳು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ವಾಯಿದೆ ಕೇಳಲು ಇದು ಕಾಲವಲ್ಲ.

ಮೊದಲ ಸಾಕ್ಷ್ಯ ನಮ್ಮದೇ ಆಗಲಿ. ಆ ರಾತ್ರಿ ನಾವು ಗೊಟ್ಟಿಗೆರೆಯಲ್ಲಿದ್ದೆವು, ಮನೆಯ ಒಳಗಿದ್ದೆವು, ಎಚ್ಚರವಾಗಿದ್ದೆವು. ಬಾಗಿಲು ತಟ್ಟಿದ ಸದ್ದು ನಮಗೆ ಕೇಳಿಸಿತು.