ಒಂದು ಗುಳಿಗೆ, ಎರಡು ಅಳತೆ

ಹಿರಿಯರ ಔಷಧದ ಚೀಟಿಯನ್ನು ಓದಿ ಹೇಳುವ ಹೊಣೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಓದುವ ಮಕ್ಕಳದು. ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುತ್ತಿರುವ ಅಜ್ಜನಿಗೆ ವೈದ್ಯರು ಅಮಿಟ್ರಿಪ್ಟಿಲೀನ್ ಎಂಬ ಗುಳಿಗೆಯನ್ನು ಕೊಟ್ಟಿದ್ದಾರೆಂದು ಭಾವಿಸೋಣ. ಅದು ಖಿನ್ನತೆಯ ಔಷಧವೆಂದು ಮೊಮ್ಮಗ ಓದಿ ಹೇಳುತ್ತಾನೆ. "ನನಗೇನು ಹುಚ್ಚೇ?" ಎಂದು ಅಜ್ಜ ಅದನ್ನು ಬದಿಗೆಸೆಯುತ್ತಾರೆ. ಉರಿ ಹಾಗೆಯೇ ಉಳಿಯುತ್ತದೆ. ಓದಿದವನು ಅರ್ಧ ಓದಿದ್ದೇ ಇಲ್ಲಿ ಆದ ತಪ್ಪು.

ಈ ವರ್ಗದ ಔಷಧಗಳ ಅಣುವಿನಲ್ಲಿ ಮೂರು ವಲಯಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಇವನ್ನು ತ್ರಿವಲಯ ಔಷಧಗಳೆನ್ನುತ್ತಾರೆ. ಇವುಗಳಲ್ಲಿ ಮೊದಲನೆಯದಾದ ಇಮಿಪ್ರಮೀನ್ ಖಿನ್ನತೆಯನ್ನು ತಗ್ಗಿಸುತ್ತದೆಂಬುದನ್ನು ಸ್ವಿಟ್ಜರ್ಲೆಂಡಿನ ವೈದ್ಯ ರೋಲಂಡ್ ಕೂನ್ 1957ರಲ್ಲಿ ಪ್ರಕಟಿಸಿದರು. ಅಮಿಟ್ರಿಪ್ಟಿಲೀನ್ 1961ರಲ್ಲಿ ಬಳಕೆಗೆ ಬಂದಿತು. ನರದಿಂದ ನರಕ್ಕೆ ಸುದ್ದಿ ಒಯ್ಯುವ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ವಸ್ತುಗಳನ್ನು ನರತುದಿಗಳು ಮರಳಿ ಹೀರಿಕೊಳ್ಳದಂತೆ ಇವು ತಡೆಯುತ್ತವೆ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಈ ವಸ್ತುಗಳೇ, ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲಿ ಅಡಗಿಸುವ ಕೆಲಸವನ್ನೂ ಮಾಡುತ್ತವೆ. ಆದಕಾರಣ ಖಿನ್ನತೆಯ ಸೋಂಕೇ ಇಲ್ಲದವರಿಗೂ ನರವೇದನೆಯಲ್ಲಿ ಈ ಗುಳಿಗೆ ನೆರವಾಗಬಲ್ಲದು. ನರವೇದನೆಗೆ ಸಾಮಾನ್ಯವಾಗಿ ರಾತ್ರಿ 10 ಅಥವಾ 25 ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ಖಿನ್ನತೆಗೆ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ.

ವಿಕಿರಣಶೀಲ ವಸ್ತುಗಳ ಅರ್ಧಾಯುವನ್ನು ಕಲಿತ ವಿದ್ಯಾರ್ಥಿಗೆ ಮುಂದಿನ ಲೆಕ್ಕ ಸುಲಭ. ದೇಹದಲ್ಲಿ ಈ ಔಷಧದ ಅರ್ಧಾಯು ಸ್ಥೂಲವಾಗಿ ಒಂದು ದಿನವೆನ್ನೋಣ. ಮೊದಲ ರಾತ್ರಿ 10 ಮಿಲಿಗ್ರಾಂ ಸೇವಿಸಿದರೆ ಎರಡನೆಯ ರಾತ್ರಿಗೆ ಉಳಿದ 5 ಸೇರಿ 15, ಮೂರನೆಯ ರಾತ್ರಿ 17.5; ಹೀಗೆ ಏರುತ್ತ ಒಂದು ವಾರದೊಳಗೆ ಮೊತ್ತವು 20ರ ಬಳಿ ನಿಲ್ಲುತ್ತದೆ. ಆದರೆ ಖಿನ್ನತೆ ತಗ್ಗಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ನರವ್ಯೂಹವು ಹೊಸ ಸ್ಥಿತಿಗೆ ಹೊಂದಿಕೊಳ್ಳಬೇಕಷ್ಟೆ. ಬಾಯಾರಿಕೆ, ತೂಕಡಿಕೆ, ಮಲಬದ್ಧತೆಗಳಾದರೋ ಮೊದಲ ದಿನಗಳಲ್ಲಿಯೇ ತೋರುತ್ತವೆ. ಕಷ್ಟ ಮೊದಲು, ಗುಣ ಆಮೇಲೆ! ಇದನ್ನರಿಯದವರು ಗುಣವಿಲ್ಲವೆಂದು ನಾಲ್ಕನೆಯ ದಿನವೇ ಬಿಡುತ್ತಾರೆ. ಇಲ್ಲವೆ ಆತುರದಿಂದ ಎರಡು ನುಂಗುತ್ತಾರೆ.

ಎರಡನೆಯದು ಹೆಚ್ಚು ಅಪಾಯಕರ. ಅಳತೆ ಮೀರಿದರೆ ಈ ಔಷಧವು ಹೃದಯದ ವಿದ್ಯುತ್ ಸಂಚಾರವನ್ನೇ ಕೆಡಿಸಿ ಪ್ರಾಣಕ್ಕೆ ಎರವಾಗಬಹುದು. ಹೃದ್ರೋಗಿಗಳು, ಕಣ್ಣಿನೊತ್ತಡ ಅಥವಾ ಮೂತ್ರದ ತಡೆ ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು; ಸೇವಿಸುತ್ತಿರುವ ಇತರ ಔಷಧಗಳನ್ನೂ ಹೇಳಬೇಕು. ಮದ್ಯ ಕೂಡದು. ವೃದ್ಧರು ಹಾಸಿಗೆಯಿಂದ ತಟ್ಟನೆ ಎದ್ದರೆ ತಲೆಸುತ್ತಿ ಬೀಳುವ ಸಂಭವವುಂಟು. ಔಷಧವನ್ನು ನಿಲ್ಲಿಸುವುದಾದರೂ ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಎಳೆಯರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಆಲೋಚನೆಗಳು ಹೆಚ್ಚಬಹುದೆಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2007ರಲ್ಲಿ 24 ವರ್ಷದವರೆಗಿನ ತರುಣರಿಗೂ ವಿಸ್ತರಿಸಿತು. ಅಂತಹವರನ್ನು ಮನೆಯವರು ಒಂಟಿಯಾಗಿ ಬಿಡದೆ, ಬದಲಾವಣೆ ಕಂಡೊಡನೆ ವೈದ್ಯರಿಗೆ ತಿಳಿಸಬೇಕು.

ನಮ್ಮ ಅಭಿಪ್ರಾಯದಲ್ಲಿ ಈ ಗುಳಿಗೆಗೆ ನಮ್ಮ ಮನೆಗಳಲ್ಲಿ ಇಬ್ಬರು ಶತ್ರುಗಳಿದ್ದಾರೆ: ನಾಚಿಕೆ ಮತ್ತು ಔದಾರ್ಯ. ನಾಚಿಕೆಯು ಬೇಕಾದವರಿಂದ ಔಷಧವನ್ನು ಕಿತ್ತುಕೊಳ್ಳುತ್ತದೆ; "ನನಗೆ ಗುಣವಾಯಿತು, ನೀನೂ ನುಂಗು" ಎಂಬ ಔದಾರ್ಯವು ಬೇಡದವರಿಗೆ ಅದನ್ನು ಹಂಚುತ್ತದೆ. ಎರಡಕ್ಕೂ ಮದ್ದು ತಿಳಿವಳಿಕೆಯೇ. ಖಿನ್ನತೆಯೂ ಅಂಗಾಲಿನ ಉರಿಯಂತೆ ಒಂದು ಬೇನೆ. ಅದನ್ನು ಹೇಳಿಕೊಳ್ಳಲು ಸಂಕೋಚವೇಕೆ? ಮನಸ್ಸು ಕುಗ್ಗಿದವರು ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕನ್ನಡದಲ್ಲಿಯೇ ಮಾತನಾಡಬಹುದು.

ವಿದ್ಯಾರ್ಥಿ ಮಿತ್ರರು ಮುಂದಿನ ಸಲ ಚೀಟಿಯನ್ನು ಪೂರ್ತಿ ಓದಲಿ. ತಿಳಿಯದುದನ್ನು ವೈದ್ಯರನ್ನು ಕೇಳಿ ಅಜ್ಜನಿಗೆ ವಿವರಿಸಲಿ. ಗುಳಿಗೆಯ ಪಟ್ಟಿಯನ್ನು ಮನೆಯ ಚಿಕ್ಕಮಕ್ಕಳ ಕೈಗೆ ಸಿಗದಂತೆ ಬೀರುವಿನಲ್ಲಿಟ್ಟು ಬೀಗ ಹಾಕಲಿ.