ಇಷ್ಟವಾಯಿತು ಎಂಬುದು ಮೌಲ್ಯಮಾಪನವಲ್ಲ



‘ರುಚಿ ಅವರವರಿಗೆ ಬಿಟ್ಟದ್ದು, ಅದರಲ್ಲಿ ಸರಿ ತಪ್ಪು ಎಂಬುದು ಎಲ್ಲಿದೆ?’ ಎಂಬ ಮಾತನ್ನು ಈಗ ಎಲ್ಲೆಡೆ ಕೇಳುತ್ತಿದ್ದೇವೆ. ಕೇಳುವುದಕ್ಕೆ ಬಹಳ ಉದಾರವಾಗಿರುವ ಈ ಮಾತು ನಿಜದಲ್ಲಿ ಸೋಮಾರಿಗಳ ಮಾತು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಅದನ್ನು ಸಾಧಿಸಿ ತೋರಿಸಲು ನಾನು ಆರಿಸಿಕೊಂಡಿರುವ ವಸ್ತು ಮಾತ್ರ ಕೆಲವರ ಹುಬ್ಬೇರಿಸಬಹುದು: ಕಾಫಿಯ ಪರಿಮಳ ಸೇರಿಸಿದ, ಪೋರ್ಟರ್ ಎಂಬ ಹೆಸರಿನ ಕಪ್ಪು ಬಿಯರು. ನಿವೃತ್ತ ಮೇಷ್ಟ್ರಿಗೆ ಬಿಯರಿನ ಉಸಾಬರಿ ಏಕೆ ಎಂದು ಕೇಳುವವರಿಗೆ ಉತ್ತರವನ್ನು ಮುಂದೆ ಹೇಳುತ್ತೇನೆ.

ಬಿಡದಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಆಗಾಗ ಮನೆಗೆ ಬರುವುದುಂಟು. ಎಲ್ಲರೂ ಮೂವತ್ತು ದಾಟಿದ ಸಂಸಾರಸ್ಥರು. ಕಳೆದ ಬಾರಿ ಬಂದವರು ಬೆಂಗಳೂರಿನಿಂದ ಇಂಥದೊಂದು ಬಿಯರನ್ನು ತಂದು, ‘ಸರ್, ತಾವು ಒಂದು ಗುಟುಕು ನೋಡಿ ಅಭಿಪ್ರಾಯ ಹೇಳಬೇಕು’ ಎಂದರು. ಮೊದಲು ನಿಮ್ಮ ಅಭಿಪ್ರಾಯ ಹೇಳಿ ಎಂದೆ. ‘ಸೂಪರ್ ಸರ್, ಐದಕ್ಕೆ ಐದು’ ಎಂದು ಒಕ್ಕೊರಲಿನ ಉತ್ತರ ಬಂತು. ಯಾವುದಕ್ಕೆ ಐದು ಎಂದೆ. ‘ಕಾಫಿ ಘಮ ಚೆನ್ನಾಗಿದೆ.’ ಸರಿ, ಬಿಯರು ಹೇಗಿದೆಯಪ್ಪಾ ಎಂದೆ. ಯಾರೂ ಮಾತನಾಡಲಿಲ್ಲ.

ಆ ಗುಂಪಿನಲ್ಲಿ ವಾಹನದ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ ಒಬ್ಬನಿದ್ದ. ‘ಈ ಬೋಲ್ಟು ನನಗೆ ಇಷ್ಟವಾಯಿತು ಎಂದು ನೀನು ಪಾಸು ಮಾಡುತ್ತೀಯೇನು?’ ಎಂದು ಕೇಳಿದೆ. ‘ಗೇಜಿಗೆ ಹಾಕದೆ ಬಿಡೋದೇ ಇಲ್ಲ ಸರ್’ ಎಂದು ನಕ್ಕ. ನನ್ನ ತಕರಾರು ಇರುವುದು ಇಲ್ಲಿಯೇ. ಟೊಯೊಟಾ ಕಾರ್ಖಾನೆ 1999ರಲ್ಲಿ ಬಿಡದಿಯಲ್ಲಿ ಉತ್ಪಾದನೆ ಆರಂಭಿಸಿದ ಕಾಲದಿಂದ, ‘ಸ್ಥಳಕ್ಕೆ ಹೋಗು, ಕಣ್ಣಾರೆ ನೋಡು, ಆಮೇಲೆ ತೀರ್ಮಾನಿಸು’ ಎಂಬ ಜಪಾನೀ ಪಾಠವನ್ನು ನಮ್ಮ ಹುಡುಗರು ಕಲಿತಿದ್ದಾರೆ. ಅದಕ್ಕೂ ಬಹಳ ಮೊದಲೇ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಇದನ್ನೇ ಮಾಡುತ್ತಿದ್ದರು. ಹಿಡಿ ಗೂಡನ್ನು ಕೈಯಲ್ಲಿ ಹಿಡಿದು, ಒತ್ತಿ, ಅಲುಗಿಸಿ ನೋಡುವ ರೀಲರು ಗೂಡು ಚೆಂದವಿದೆಯೇ ಎಂದು ನೋಡುವುದಿಲ್ಲ, ಎಷ್ಟು ನೂಲು ಬಿಟ್ಟೀತು ಎಂದು ಲೆಕ್ಕ ಹಾಕುತ್ತಾನೆ. ಇಂಥ ಸೀಮೆಯ ಜನ, ನೂರಾರು ರೂಪಾಯಿ ತೆತ್ತು ಕೊಂಡ ಪಾನೀಯದ ಮುಂದೆ ಕುಳಿತೊಡನೆ ಬುದ್ಧಿಯನ್ನು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬರುವುದೇಕೆ?

ಅಳೆಯಬೇಕಾದರೆ ವಸ್ತು ಏನೆಂದು ಮೊದಲು ತಿಳಿದಿರಬೇಕು. ಪೋರ್ಟರ್ ಎಂದರೆ ಹೊರೆ ಹೊರುವವನು. 18ನೆಯ ಶತಮಾನದ ಲಂಡನ್ನಿನಲ್ಲಿ, ಬೀದಿಗಳಲ್ಲೂ ಥೇಮ್ಸ್ ನದಿಯ ದಡದಲ್ಲೂ ಮೂಟೆ ಹೊರುತ್ತಿದ್ದ ಹಮಾಲರು ಮೆಚ್ಚಿ ಕುಡಿಯುತ್ತಿದ್ದ ಕಂದು ಬಿಯರಿಗೆ ಅವರ ಕಸುಬಿನ ಹೆಸರೇ ನಿಂತುಹೋಯಿತು. ಅದರ ಜೀವಾಳ ಹುರಿದ ಮಾಲ್ಟು. ಮಾಲ್ಟ್ ಎಂದರೆ ನಮ್ಮ ರಾಗಿ ಮಾಲ್ಟಿನ ಹಾಗೆಯೇ, ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದು. ಇಲ್ಲಿ ಧಾನ್ಯ ಬಾರ್ಲಿ. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಕಾಫಿ ಬೀಜ ಹುರಿಯುವ ಉರುಳೆಯಂಥದೇ ಸಾಧನದಲ್ಲಿ ಮಾಲ್ಟನ್ನು ಕಪ್ಪಾಗುವಂತೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಆದುದರಿಂದ, ಮಿತ್ರರೇ, ಒಂದು ಕಾಳು ಕಾಫಿಯನ್ನೂ ಸೇರಿಸದ ಒಳ್ಳೆಯ ಪೋರ್ಟರಿನಲ್ಲಿಯೂ ಕಾಫಿಯ, ಕೋಕೋವಿನ ನೆನಪು ತರುವ ಘಮ ಇರುತ್ತದೆ. ಅದಕ್ಕೆ ಮತ್ತೆ ಕಾಫಿ ಬೆರೆಸುವವನು, ಹುರಿದ ಮಾಲ್ಟು ಹೇಳಲಾರದ ಯಾವ ಮಾತನ್ನು ಈ ಕಾಫಿ ಹೇಳುತ್ತಿದೆ ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ. ಉತ್ತರವಿಲ್ಲದಿದ್ದರೆ ಅದು ದುಬಾರಿ ಬೆಲೆಯ ಪುನರುಕ್ತಿ.

ಪುನರುಕ್ತಿಯಾದರೂ ಕ್ಷಮ್ಯ. ಪರಿಮಳದ ಮರೆಯಲ್ಲಿ ದೋಷವನ್ನು ಬಚ್ಚಿಡುವುದು ಕ್ಷಮ್ಯವಲ್ಲ, ಮತ್ತು ಪೋರ್ಟರಿಗೆ ಈ ರೋಗ ಹಳೆಯದು. ವೀಲರನಿಗಿಂತ ಮೊದಲು, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರು ಬಂದಾಗ, ಕಂದು ಮಾಲ್ಟಿಗಿಂತ ಬಿಳಿ ಮಾಲ್ಟಿನಿಂದಲೇ ಹೆಚ್ಚು ಸತ್ವ ಸಿಗುತ್ತದೆಂದು ಲಂಡನ್ನಿನ ತಯಾರಕರಿಗೆ ತಿಳಿಯಿತು. ಬಿಳಿ ಮಾಲ್ಟು ಹಾಕಿದರೆ ಕಪ್ಪು ಬಣ್ಣವೆಲ್ಲಿಂದ ಬರಬೇಕು? ಸುಟ್ಟ ಸಕ್ಕರೆ ಬಂತು, ಅತಿಮಧುರ ಬಂತು. ಅಮಲು ಸಾಲದೆಂದು ನಮ್ಮ ಮಲಬಾರಿನ ಕಡೆಯಿಂದ ಹಡಗೇರಿ ಹೋದ ಕಾಕಮಾರಿಯ ಬೀಜವೂ ಬಂತು. ಹೊಳೆಯ ಮೀನಿಗೆ ಅಮಲೇರಿಸಿ ಹಿಡಿಯಲು ಬಳಸುತ್ತಿದ್ದ ಅದೇ ವಿಷದ ಕಾಯಿ! 1816ರಲ್ಲಿ ಇಂಗ್ಲೆಂಡಿನ ಸಂಸತ್ತು ಕಾನೂನು ಮಾಡಿ ಇಂಥ ವಸ್ತುಗಳನ್ನು ತಯಾರಕರು ಇಟ್ಟುಕೊಳ್ಳುವುದನ್ನೇ ನಿಷೇಧಿಸಬೇಕಾಯಿತು. ಅಂದಿನ ಹಮಾಲನೂ ‘ಇಷ್ಟವಾಯಿತು’ ಎಂದೇ ಅದನ್ನು ಕುಡಿದಿದ್ದಾನು.

ಇಂದು ಕಾಕಮಾರಿ ಬೆರೆಸುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಪರಿಮಳ ಮರೆಮಾಡಬಲ್ಲದು ಎಂಬ ಸತ್ಯ ಬದಲಾಗಿಲ್ಲ. ಹುದುಗು ಪೂರ್ತಿಯಾಗದ ಬಿಯರಿನಲ್ಲಿ ಡೈಅಸಿಟೈಲ್ ಎಂಬ ರಾಸಾಯನಿಕ ಉಳಿದು ಬೆಣ್ಣೆಯ ವಾಸನೆ ಕೊಡುತ್ತದೆ. ವೆನಿಲ್ಲಾ ಸೇರಿಸಿದರೆ ಅದೇ ದೋಷ ‘ಐಸ್‌ಕ್ರೀಮಿನಂತಿದೆ’ ಎಂಬ ಹೊಗಳಿಕೆಯಾಗಿ ಮಾರ್ಪಡುತ್ತದೆ. ಗಾಳಿ ತಾಗಿ ಹಳಸಿದ ಬಿಯರು ನೆನೆದ ರಟ್ಟಿನಂತೆ ನಾರುತ್ತದೆ; ಕಡು ಕಾಫಿ ಅದನ್ನು ಮುಚ್ಚುತ್ತದೆ. ಕೊನೆಗೆ ಕಾಫಿಯೇ ಕೈಕೊಡುವುದೂ ಉಂಟು. ಹದ ತಪ್ಪಿ ಹುರಿದ ಅಥವಾ ಹಳತಾದ ಕಾಫಿ ಹಾಕಿದ ಪೋರ್ಟರು ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಬೀರುತ್ತದೆ. ನಮ್ಮ ಹುಡುಗರು ತಂದಿದ್ದರಲ್ಲಿ ಆ ವಾಸನೆ ಸ್ಪಷ್ಟವಾಗಿತ್ತು. ನಾನು ಹೇಳಿದ ಮೇಲೆ ಎಲ್ಲರ ಮೂಗಿಗೂ ಅದು ಸಿಕ್ಕಿತು. ರುಚಿ ಕೇವಲ ಅವರವರಿಗೆ ಬಿಟ್ಟದ್ದೇ ಆಗಿದ್ದರೆ ನಾಲ್ಕು ಮೂಗುಗಳಿಗೆ ಒಂದೇ ಮೆಣಸಿನಕಾಯಿ ಸಿಕ್ಕಿದ್ದು ಹೇಗೆ?

ಬಿಡದಿಯವರಿಗೆ ಇದನ್ನು ತಟ್ಟೆ ಇಡ್ಲಿಯ ಮೂಲಕ ಹೇಳಿದರೆ ಬೇಗ ಅರ್ಥವಾಗುತ್ತದೆ. ಅದೂ ಹುದುಗಿನ ಪದಾರ್ಥವೇ. ಚಟ್ನಿ ಖಾರವಾಗಿದ್ದು ಮೇಲೆ ಬೆಣ್ಣೆ ಬಿದ್ದರೆ, ಹಿಟ್ಟು ಹುಳಿ ಹೆಚ್ಚಾದದ್ದೂ ಇಡ್ಲಿ ಒಳಗೆ ಬೇಯದಿರುವುದೂ ಗೊತ್ತಾಗುವುದಿಲ್ಲ. ನಾನು ಮೊದಲ ತುತ್ತನ್ನು ಚಟ್ನಿ ಮುಟ್ಟಿಸದೆ ತಿನ್ನುತ್ತೇನೆ. ಇಡ್ಲಿ ಇಡ್ಲಿಯಾಗಿ ನಿಂತ ಮೇಲೆ ಚಟ್ನಿಗೆ ಅಂಕ. ಪರಿಮಳದ ಪೋರ್ಟರಿಗೂ ಅದೇ ನ್ಯಾಯ: ಮೊದಲು ಪೋರ್ಟರು, ಆಮೇಲೆ ಪರಿಮಳ.

ಅಂಕ ಕೊಡುವ ಕ್ರಮವೊಂದು ಜಗತ್ತಿನಲ್ಲಿ ಆಗಲೇ ಇದೆ. 1985ರಲ್ಲಿ ಅಮೆರಿಕದಲ್ಲಿ ಆರಂಭವಾದ ಬಿಯರ್ ತೀರ್ಪುಗಾರರ ಸಂಸ್ಥೆ, ಬಿಜೆಸಿಪಿ, 50 ಅಂಕಗಳ ಪತ್ರಿಕೆಯೊಂದನ್ನು ಬಳಸುತ್ತದೆ: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿನ ಮೈಕಟ್ಟಿಗೆ 5, ಒಟ್ಟು ಪರಿಣಾಮಕ್ಕೆ 10. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದ ಬೆಂಚಿನ ಮೇಲೆ ಬೇಸಿಗೆಗಳನ್ನು ಕಳೆದ ನನಗೆ ಇದನ್ನು ಕಂಡು ಬಹಳ ಸಂತೋಷವಾಯಿತು. ಮೊಳೆ ಹೊಡೆದಂತಿರುವ ಸ್ಕೀಮು! ನೋಟಕ್ಕೆ ಬರಿಯ ಮೂರೇ ಅಂಕ ಎಂಬುದನ್ನು ಗಮನಿಸಿ. ಚೆಂದದ ಡಬ್ಬಿಗೆ ಒಂದೂ ಇಲ್ಲ. ‘ನನಗೆ ಇಷ್ಟವಾಯಿತು’ ಎಂಬುದಕ್ಕೂ ಜಾಗವಿದೆ, ಆದರೆ ಅದು ಕೊನೆಯ ಹತ್ತರೊಳಗೆ ಅಡಗಿಕೊಂಡಿರಬೇಕು. ಉಳಿದ ನಲವತ್ತನ್ನು ಕಾರಣ ಕೊಟ್ಟೇ ಗಳಿಸಬೇಕು.

ಪರೀಕ್ಷೆಯ ವಿಧಾನವೂ ಕಷ್ಟದ್ದಲ್ಲ. ಸೋಪಿನ ವಾಸನೆಯಿಲ್ಲದ ಗಾಜಿನ ಲೋಟ ಬೇಕು. ಬಿಯರು ಮಂಜುಗಡ್ಡೆಯಷ್ಟು ತಣ್ಣಗಿರಬಾರದು, ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್ ಇದ್ದರೆ ಪೋರ್ಟರು ಬಾಯಿ ಬಿಡುತ್ತದೆ. ಬೆಳಕಿಗೆ ಹಿಡಿದರೆ ಕಡುಕಂದಿನ ಅಂಚಿನಲ್ಲಿ ಮಾಣಿಕ್ಯದ ಕೆಂಪು ಹೊಳೆಯಬೇಕು. ಸಂಶಯವಿದ್ದರೆ ಮೂರು ಲೋಟಗಳ ಪರೀಕ್ಷೆ ಮಾಡಬಹುದು: ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆ, ಹೆಸರು ತಿಳಿಸದೆ ಬೇರೆ ಯಾವುದೆಂದು ಕೇಳಬೇಕು. ಉತ್ತರಪತ್ರಿಕೆಯ ನೋಂದಣಿ ಸಂಖ್ಯೆ ಮುಚ್ಚಿ ಅಂಕ ಹಾಕುವುದು ಇದೇ ತಾನೆ? ಹೆಸರು ಕಾಣದಿದ್ದರೆ ಮುಲಾಜೂ ಇಲ್ಲ. ‘ಐದಕ್ಕೆ ಐದು’ ಎಂದವರು ಹತ್ತಾರು ಸಲ ನೋಡಿಯೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಸರಿಯುತ್ತರ ಕೊಡಲಾರದಿದ್ದರೆ, ಅವರು ಹೇಳುತ್ತಿರುವುದು ಊಹೆ.

ಇನ್ನು ಮಾತಿನ ದಾರಿದ್ರ್ಯದ ವಿಷಯ. ಈ ಬಿಯರಿನ ಡಬ್ಬಿಗಳ ಮೇಲೆ ಪ್ಲಮ್, ಟಾಫಿ, ಕಪ್ಪು ಚೆರ್‍ರಿ ಎಂದೆಲ್ಲ ಬರೆದಿರುತ್ತಾರೆ. ಕಪ್ಪು ಚೆರ್‍ರಿಯನ್ನು ಕಣ್ಣಿನಿಂದಲೂ ಕಾಣದವರು ಹೌದು ಹೌದು ಎಂದು ತಲೆಯಾಡಿಸುತ್ತಾರೆ. ಏಕಪ್ಪಾ, ರಾಗಿ ಹುರಿಹಿಟ್ಟಿನ ಘಮ ನಿಮಗೆ ಗೊತ್ತಿಲ್ಲವೇ? ಕಪ್ಪುಬೆಲ್ಲ, ಸೀದ ರೊಟ್ಟಿಯ ಅಂಚು, ಹಳೆಯ ಹುಣಿಸೆ ಗೊತ್ತಿಲ್ಲವೇ? ಕಹಿ ಬೇರೆ, ಒಗರು ಬೇರೆ ಎಂಬುದನ್ನು ಎಳೆ ಬಾಳೆಕಾಯಿ ಕಚ್ಚಿದ ಹಳ್ಳಿಯ ಮಗು ಬಲ್ಲದು. ಪೋರ್ಟರಿನಲ್ಲಿ ಹದವಾದ ಕಹಿ ಗುಣ. ನಾಲಗೆಯನ್ನು ಒರಟಾಗಿಸುವ ಒಗರು ದೋಷ, ಕಾಫಿಯನ್ನು ಅತಿಯಾಗಿ ಕುದಿಸಿದ್ದರ ಗುರುತು. ಹುರಿದದ್ದಕ್ಕೂ ಸೀದದ್ದಕ್ಕೂ ನಡುವಿನ ಗೆರೆಗೆ ನಮ್ಮಲ್ಲಿ ‘ಹದ’ ಎಂಬ ಒಂದೇ ಪದವಿದೆ. ಒಲೆಯ ಮುಂದೆ ಕುಳಿತು ಹುರಿಹಿಟ್ಟಿಗೆ ರಾಗಿ ಹುರಿದ ಯಾವ ತಾಯಿಯೂ ಆ ಗೆರೆಯನ್ನು ಮೂಗಿನಿಂದಲೇ ಗುರುತಿಸುತ್ತಾಳೆ. ಇಷ್ಟು ಶ್ರೀಮಂತ ಭಾಷೆಯ ಒಡೆಯರು ಎರವಲು ಪಟ್ಟಿಯೊಂದನ್ನು ಗಿಳಿಪಾಠ ಒಪ್ಪಿಸುವುದು ನಾಚಿಕೆಗೇಡು.

ಕಾನೂನಿನ ಮಾತೊಂದನ್ನೂ ಆಡಬೇಕು. ಬಿಡದಿಯ ಯಾವ ಅಂಗಡಿಗೆ ಹೋದರೂ ಕಾಫಿಪುಡಿಯ ಪೊಟ್ಟಣದ ಮೇಲೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಶೇಕಡಾ ಎಷ್ಟು ಎಂದು ಅಚ್ಚಾಗಿರುತ್ತದೆ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆಯಿರಕೂಡದೆಂದು ನಿಯಮವಿದೆ. ನಮ್ಮ ಮನೆಗೆ ಬಂದ ‘ಕಾಫಿ ಪೋರ್ಟರಿ’ನ ಮೇಲೆ ಆನೆಯಷ್ಟು ದೊಡ್ಡ ಕಾಫಿ ಬೀಜದ ಚಿತ್ರವಿತ್ತು, ಎಷ್ಟು ಕಾಫಿ, ಯಾವ ಸೀಮೆಯದು, ಬೀಜವೋ ಸಾರವೋ ಎಂಬುದು ಎಲ್ಲಿಯೂ ಇರಲಿಲ್ಲ. ಚಿಕ್ಕಮಗಳೂರಿನ, ಕೊಡಗಿನ ಬೆಳೆಗಾರ ಬೆವರು ಸುರಿಸಿ ಬೆಳೆದದ್ದು ಕೇವಲ ‘ಫ್ಲೇವರ್’ ಎಂಬ ಅನಾಮಧೇಯ ಪದವಾಗಿ ಮುಗಿದುಹೋಗಬೇಕೆ? ಪ್ರಮಾಣವನ್ನು ಬರೆಯಿರಿ ಎಂದು ಗ್ರಾಹಕ ಕೇಳದಿದ್ದರೆ ತಯಾರಕನೇಕೆ ಬರೆದಾನು?

ಈಗ ನನ್ನ ಸಹೋದ್ಯೋಗಿ ಮಿತ್ರರ ಆಕ್ಷೇಪಣೆಗೆ ಬರುತ್ತೇನೆ. ಮದ್ಯವೆಲ್ಲ ಒಂದೇ ವಿಷ, ಅದಕ್ಕೆಂಥ ಮೌಲ್ಯಮಾಪನ ಎನ್ನುತ್ತಾರೆ. ಕುಡಿತದ ಕೇಡನ್ನು ನಾನು ಅಲ್ಲಗಳೆಯುವುದಿಲ್ಲ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ತಂದೆಯ ಸಾರಾಯಿಯಿಂದಾಗಿ ಪುಸ್ತಕವಿಲ್ಲದೆ ಬಂದು ಕುಳಿತ ಮಕ್ಕಳ ಮುಖಗಳು ನನಗೆ ಇಂದಿಗೂ ನೆನಪಿವೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಕುಡಿಯದವರು ಕುಡಿಯಲಿ ಎಂದು ನಾನು ಬರೆಯುತ್ತಿಲ್ಲ. ಮಕ್ಕಳಿಗಂತೂ ಈ ಲೇಖನವೇ ಅಲ್ಲ. ಆದರೆ ಪ್ರಾಯಕ್ಕೆ ಬಂದು ಸ್ವಂತ ದುಡಿಮೆಯಿಂದ ಕೊಳ್ಳುವವನಿಗೆ, ತಾನು ಕೊಂಡದ್ದು ಏನೆಂದು ತಿಳಿಯುವ ಹಕ್ಕೂ ಹೊಣೆಯೂ ಇದೆ. ರುಚಿ ನೋಡುವುದಕ್ಕೆ ಎರಡು ಗುಟುಕು ಸಾಕು. ನಾನು ನೋಡಿದ್ದೂ ಅಷ್ಟೇ. ಎಲ್ಲವೂ ಒಂದೇ ಎನ್ನುವ ವಿರಕ್ತನೂ, ಎಲ್ಲವೂ ಸೂಪರ್ ಎನ್ನುವ ರಸಿಕನೂ ಒಂದೇ ಬೆಂಚಿನವರು. ಇಬ್ಬರೂ ಉತ್ತರಪತ್ರಿಕೆಯನ್ನು ಓದದೆ ಅಂಕ ಹಾಕುವವರು.

ಓದದೆ ಅಂಕ ಹಾಕಿದರೆ ಅನ್ಯಾಯವಾಗುವುದು ಚೆನ್ನಾಗಿ ಬರೆದವನಿಗೆ. 2010ರ ಆಸುಪಾಸಿನಿಂದ ಬೆಂಗಳೂರಿನಲ್ಲಿ ಇಂದಿರಾನಗರದ ಟಾಯ್ಟ್‌ನಂಥ ಕಿರು ಬಿಯರ್ ತಯಾರಿಕಾ ಘಟಕಗಳು ಹುಟ್ಟಿಕೊಂಡಿವೆ. ಅವುಗಳಲ್ಲಿ ಶ್ರದ್ಧೆಯಿಂದ ಕೆಲಸ ಮಾಡುವ ತರುಣರಿದ್ದಾರೆ. ಹದವಾಗಿ ಹುರಿದು, ತಾಳ್ಮೆಯಿಂದ ಹುದುಗು ಬರಿಸಿ, ಕಾಫಿಯನ್ನು ಅಳತೆಯಲ್ಲಿ ಬೆರೆಸಿದವನಿಗೂ, ಕೆಟ್ಟ ಬಿಯರಿಗೆ ಸಾರ ಸುರಿದು ದೋಷ ಮುಚ್ಚಿದವನಿಗೂ ನಾವು ಸಮನಾಗಿ ಐದು ನಕ್ಷತ್ರ ಕೊಟ್ಟರೆ, ಮೊದಲನೆಯವನು ಎಷ್ಟು ದಿನ ಕಷ್ಟಪಟ್ಟಾನು? ನಾಳೆ ಅವನೂ ಸಾರದ ಬಾಟಲಿಗೇ ಕೈಹಾಕುತ್ತಾನೆ.

ನನ್ನ ಹುಡುಗರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇನ್ನು ಮುಂದೆ ಇಂಥದ್ದನ್ನು ಕೊಂಡರೆ, ನಕ್ಷತ್ರ ಒತ್ತುವ ಮೊದಲು ಒಂದು ಕಾಗದದ ಮೇಲೆ ಐದು ಸಾಲು ಬರೆಯಿರಿ: ಘಮ, ನೋಟ, ರುಚಿ, ಮೈಕಟ್ಟು, ಒಟ್ಟು ಪರಿಣಾಮ. ಪರಿಮಳವನ್ನು ತೆಗೆದುಹಾಕಿದರೆ ಉಳಿಯುವುದು ಒಳ್ಳೆಯ ಪೋರ್ಟರೇ ಎಂದು ಕೇಳಿಕೊಳ್ಳಿ. ಕನ್ನಡದಲ್ಲಿ ಬರೆಯಿರಿ, ಕಾರಣ ಕೊಟ್ಟು ಬರೆಯಿರಿ. ನನಗೆ ತೋರಿದ ದೋಷ ನಿಮಗೆ ತೋರದಿದ್ದರೆ ಕಾರಣ ಸಮೇತ ತಿಳಿಸಿ; ಮರುಮೌಲ್ಯಮಾಪನಕ್ಕೆ ನಾನು ಸದಾ ಸಿದ್ಧ. ‘ಸೂಪರ್ ಸರ್’ ಎಂದಷ್ಟೇ ಬರೆದ ಉತ್ತರಕ್ಕೆ ಮಾತ್ರ ಸೊನ್ನೆ.